ಎಲ್ಲರಿಗಿಂತ ಮೊದಲು ನೀರು ಕುಡಿದವಳು

ಹೊಳಲ್ಕೆರೆ ಸರ್ಕಲ್ಲಿನ ಫ್ಲೆಕ್ಸಿನಲ್ಲಿ ತೇಜಸ್ವಿನಿ ನೀರು ಕುಡಿಯುತ್ತಿದ್ದಳು. ಅದರ ಕೆಳಗೆ ಸೈಕಲ್ ನಿಲ್ಲಿಸಿಕೊಂಡು, ಒಂದು ಕಾಲನ್ನು ನೆಲಕ್ಕೆ ಊರಿ ತಲೆಯೆತ್ತಿ ನೋಡುತ್ತಿದ್ದ ತೇಜಸ್ವಿನಿಯ ಬಾಟಲಿಯಲ್ಲಿ ಮಾತ್ರ ಹನಿ ನೀರಿರಲಿಲ್ಲ. ಮೇಲಿನವಳು ಎರಡಾಳೆತ್ತರ ಇದ್ದಳು, ಬೆಳ್ಳಗಿದ್ದಳು, ಮೊಣಕೈಯ ತರಚುಗಾಯ ಎಲ್ಲೋ ಮಾಯವಾಗಿತ್ತು. ಅದನ್ನೆಲ್ಲ ಹೊಸದುರ್ಗದ ಮೂರ್ತಪ್ಪ ಮಾವ ಫ್ಲೆಕ್ಸ್ ಅಂಗಡಿಯವನ ಪಕ್ಕದಲ್ಲೇ ಕೂತು ಮಾಡಿಸಿದ್ದ. ಹಿಂದೆ ಕೆಸರಿನಲ್ಲಿ ಇನ್ನೂ ಪೆಡಲ್ ತುಳಿಯುತ್ತಿದ್ದ ಪರದೇಶದ ಹುಡುಗಿಯರನ್ನು ಮಾತ್ರ ಅಳಿಸಲು ಬಿಟ್ಟಿರಲಿಲ್ಲ. ಅವರು ಅಲ್ಲಿ ತುಳಿಯುತ್ತಿದ್ದರೇ ತಾನೆ ಇವಳು ಮುಗಿಸಿ ಕೂತಿದ್ದಾಳೆ ಅನ್ನುವುದು ನೋಡಿದವರಿಗೆ ತಿಳಿಯುವುದು. ‘ಎಲ್ಲರೂ ಇನ್ನೂ ಬೆವರುತ್ತಿರುವಾಗಲೇ ಕೂತು ನೀರು ಕುಡಿದ ನಮ್ಮ ಜಿಲ್ಲೆಯ ಹೆಮ್ಮೆಯ ಕುವರಿಗೆ ಸುಸ್ವಾಗತ.’ ಅದರ ಕೆಳಗೆ ಸ್ವಾಗತ ಕೋರುವವರ ಸಾಲು, ಸಾಲಿನ ನಡುವೆ ಕೈ ಮುಗಿದ ಮೂರ್ತಪ್ಪ ಮಾವ. ಅವಳು ಅದನ್ನು ಮತ್ತೆ ಮತ್ತೆ ಓದಿದಳು. ಒಂದಾದರೂ ಸುಳ್ಳು ಪದ ಸಿಕ್ಕಿದ್ದರೆ ಅದರ ಮೇಲೆ ಕೋಪ ಮಾಡಿಕೊಂಡು ಹಗುರವಾಗಬಹುದಿತ್ತು. ಸಿಗಲಿಲ್ಲ. ಎಲ್ಲರೂ ಬೆವರುತ್ತಿದ್ದದ್ದು ನಿಜ. ಅವಳು ಕೂತು ನೀರು ಕುಡಿದದ್ದೂ ನಿಜ.

ಬೆಟ್ಟದ ಸೈಕಲ್ ರೇಸಿನಲ್ಲಿ ಒಂದು ನಿಯಮವಿದೆ. ಗುಡ್ಡ, ಬಂಡೆ, ಬೇರು, ಕೆಸರು ಎಲ್ಲ ಇರುವ ಒಂದೇ ದಾರಿಯನ್ನು ಹಲವು ಸುತ್ತು ಹಾಕಬೇಕು. ಎಲ್ಲರಿಗಿಂತ ಮುಂದಿರುವವಳು ಸುತ್ತಿ ಬಂದು ಬೆನ್ನಿಗೆ ತಾಕಿಬಿಡುವಷ್ಟು ಹಿಂದೆ ಬಿದ್ದವರನ್ನು, ಅವಳ ದಾರಿಗೆ ಅಡ್ಡವಾಗದಿರಲೆಂದು, ಬಿಳಿ ಟೋಪಿಯವನೊಬ್ಬ ವಿಸಿಲ್ ಊದಿ ಹೊರಗೆ ಕರೆದುಬಿಡುತ್ತಾನೆ. ಮೊದಲು ಹೊರಗೆ ಬಂದವಳೆಂದರೆ ಎಲ್ಲರಿಗಿಂತ ಕಡೆಯವಳು. ಈ ವರ್ಷದ ಅಂತರರಾಷ್ಟ್ರೀಯ ರೇಸುಗಳಲ್ಲಿ ಥಾಯ್ಲೆಂಡಿನಲ್ಲಿ ತೇಜಸ್ವಿನಿ ಮೊದಲು ಹೊರಗೆ ಬಂದಿದ್ದಳು. ಕಝಕಸ್ತಾನದಲ್ಲಿ ಮೊದಲು ಹೊರಗೆ ಬಂದಿದ್ದಳು. ಟರ್ಕಿಯಲ್ಲಂತೂ ಎಷ್ಟು ಬೇಗ ಹೊರಗೆ ಬಂದಳೆಂದರೆ ಟೋಪಿಯವನಿಗೆ ವಿಸಿಲ್ಲನ್ನು ಜೇಬಿನಿಂದ ಹುಡುಕಿ ತೆಗೆಯಲೂ ಸಮಯ ಸಿಕ್ಕಿರಲಿಲ್ಲ, ಬಾಯಲ್ಲೇ ಸೀಟಿ ಹೊಡೆದಿದ್ದ. ಕೊನೆಯ ರೇಸು ಕೊರಿಯಾದಲ್ಲಿ, ಬರುವ ವಾರ. ಹೋಗುವುದು ಬೇಡವೆಂದು ಅವಳು ಬೆಳಿಗ್ಗೆ ಹಲ್ಲುಜ್ಜುವಾಗ ನಿಶ್ಚಯಿಸಿದ್ದಳು. ಚಿತ್ರದುರ್ಗ ದಾಟುವಾಗ ಬೆಟ್ಟದ ಮೇಲಿನ ಗಾಳಿಯಂತ್ರಗಳೆಲ್ಲ ಬೇಡ ಬೇಡ ಎಂದು ಕೈಯಾಡಿಸುತ್ತಿರುವಂತೆ ಕಂಡು ಆ ನಿಶ್ಚಯ ಗಟ್ಟಿಯಾಗಿತ್ತು. ಹೋಗದಿದ್ದರೆ ಈ ಫ್ಲೆಕ್ಸು ಹೀಗೇ ಉಳಿಯುತ್ತದೆ. ಬಿಸಿಲಿಗೆ ಬಣ್ಣ ಹೋಗಿ, ಯಾರದೋ ಬಣವೆಯ ಮೇಲೆ ಮಳೆಗೆ ಹೊದಿಕೆಯಾಗಿ, ಅಲ್ಲೂ ಅವಳು ನೀರು ಕುಡಿಯುತ್ತಲೇ ಇರುತ್ತಾಳೆ, ಯಾರ ಕೈಲೂ ಸೋಲದೆ.

‘ಏನಮ್ಮಾ, ನಿನ್ನ ನೀನೇ ನೋಡ್ಕಂಡು ನಿಂತುಬಿಟ್ಟಿದೀಯ?’ ಜಮೀರ್ ಟಿವಿಎಸ್ ಮೊಪೆಡ್ಡನ್ನು ಪಕ್ಕಕ್ಕೆ ತಂದು ನಿಲ್ಲಿಸಿದ. ಮುಂದುಗಡೆ ಪಂಪು, ಟ್ಯೂಬು, ಸ್ಪ್ಯಾನರುಗಳ ಚೀಲ. ದುರ್ಗದ ಸಂತೆಹೊಂಡದ ಹತ್ತಿರ ಅವನದು ಸೈಕಲ್ ಅಂಗಡಿ. ಕಾಲೇಜಿಗೆಂದು ಜವನಗೊಂಡನಹಳ್ಳಿಯಿಂದ ಬಂದು ಹಾಸ್ಟೆಲ್ಲಿನಲ್ಲಿದ್ದ ಹುಡುಗಿ ಬಾಡಿಗೆ ಸೈಕಲ್ಲಿನಲ್ಲಿ ಜೋಗಿಮಟ್ಟಿಯಿಂದ ಬ್ರೇಕಿಲ್ಲದೆ ಇಳಿದು ಬಂದು ಅವನ ಅಂಗಡಿಯ ಬಾಗಿಲಿಗೇ ಗುದ್ದಿದ ದಿನದಿಂದ ಅವನೇ ಅವಳ ಕೋಚು, ಮೆಕ್ಯಾನಿಕ್ಕು, ಬೈಯುವ ಅಣ್ಣ. ಪರದೇಶಕ್ಕೆ ಅವನು ಬಂದವನಲ್ಲ, ವಿಡಿಯೋ ಕಾಲಿನಲ್ಲೇ ಕೋಚು. ರೇಸಿನ ಫಲಿತಾಂಶದ ಪಟ್ಟಿಯನ್ನು ಮೇಲಿನಿಂದ ಓದದೆ ನೇರವಾಗಿ ಕೆಳಗಿನಿಂದ ಓದುವುದನ್ನು ಅವನು ಥಾಯ್ಲೆಂಡಿನಲ್ಲೇ ಕಲಿತಿದ್ದ.

‘ಜಮೀರಣ್ಣ, ನಾನು ಕೊರಿಯಾಕ್ಕೆ ಹೋಗಲ್ಲ.’

ಜಮೀರ್ ಬಗ್ಗಿ ಅವಳ ಹಿಂದಿನ ಚಕ್ರವನ್ನು ಹೆಬ್ಬೆರಳಿನಿಂದ ಅದುಮಿ ನೋಡಿದ. ‘ಟರ್ಕೀಲಿ ಗಾಳಿ ಜಾಸ್ತಿ ಆಗಿತ್ತು ಕಣಮ್ಮ. ನಾನು ಆವತ್ತೇ ಅಂದೆ.’

‘ಕಝಕಸ್ತಾನದಲ್ಲಿ ಗಾಳಿ ಕಮ್ಮಿ ಆಗಿತ್ತು ಅಂದಿದ್ದೆ.’

‘ಅಲ್ಲಿ ಕಮ್ಮೀನೇ ಆಗಿತ್ತು. ಇಲ್ಲಿ ಜಾಸ್ತಿ. ತಪ್ಪು ಗಾಳೀದು, ನೀನ್ಯಾಕೆ ತಲೆ ಕೆಡಿಸ್ಕಂತೀಯ?’ ತನ್ನ ನೀರಿನ ಬಾಟಲಿಯನ್ನು ಕೊಟ್ಟ. ‘ಕುಡಿ. ಇಲ್ಲಿ ಕುಡೀಬೇಡ, ಆ ಕಡೆ ಹೋಗಿ ಕುಡಿ. ಫ್ಲೆಕ್ಸಿನ ಕೆಳಗೆ ಕುಡಿದ್ರೆ ಜನ ಚಪ್ಪಾಳೆ ಹೊಡೀತಾರೆ.’

ಹೊಳಲ್ಕೆರೆ ಬಿಟ್ಟ ಮೇಲೆ ರಸ್ತೆ ಒಂದಿಷ್ಟು ಏರಿ ಒಂದಿಷ್ಟು ಇಳಿದು, ಏರಿದ್ದನ್ನೂ ಇಳಿದದ್ದನ್ನೂ ಮರೆತಂತೆ ಸಪಾಟಾಗಿ ಹೋಗುತ್ತಿತ್ತು. ಎರಡೂ ಕಡೆ ತೆಂಗಿನ ತೋಟ, ಮಧ್ಯೆ ಮಧ್ಯೆ ರಾಗಿ ಕುಯ್ದ ಹೊಲ. ಸೈಕಲ್ಲಿನಲ್ಲೇ ಬರಬೇಕೆಂದು ಮಾವನ ಹಟ, ದಾರಿಯ ಜನ ನೋಡಲೆಂದು. ದಾರಿಯಲ್ಲಿ ನೋಡಿದವರು ಕುರಿಗಳು. ಒಂದು ಹಿಂಡು ರಸ್ತೆ ದಾಟುವವರೆಗೆ ಅವಳು ಕಾದು ನಿಂತಾಗ, ಹಿಂಡಿನಿಂದ ಹಿಂದೆ ಬಿದ್ದ ಒಂದು ಮರಿ ಅವಳನ್ನು ನೋಡಿ, ಏನೋ ಗುರುತು ಹತ್ತಿದ ಹಾಗೆ ಒಮ್ಮೆ ಅರಚಿ ಓಡಿತು. ಕಝಕಸ್ತಾನದಲ್ಲೂ ಹೀಗೇ, ತಂತಿಯಾಚೆ ಕುದುರೆಗಳು ಮೇಯುವುದನ್ನು ಬಿಟ್ಟು ತಲೆಯೆತ್ತಿ ಅವಳು ಹೋಗುವುದನ್ನು ನೋಡಿದ್ದವು. ಮುಂದೆ ಹೋದ ಹುಡುಗಿಯರನ್ನು ನೋಡಲು ಅವಕ್ಕೆ ಪುರುಸೊತ್ತು ಸಿಕ್ಕಿರಲಾರದು. ಇವಳನ್ನು ನೋಡಿ, ಇಷ್ಟವಾಗದೆ, ಮತ್ತೆ ಮೇಯಲು ಶುರುಮಾಡುವಷ್ಟು ಹೊತ್ತು ಸಿಕ್ಕಿತ್ತು. ಟರ್ಕಿಯಲ್ಲಿ ಹಗ್ಗದಾಚೆ ಹುಲ್ಲಿನ ಮೇಲೆ ಕೂತಿದ್ದಾಗ ತಲೆಗೆ ಬಟ್ಟೆ ಕಟ್ಟಿದ ಒಬ್ಬ ಮುದುಕಿ ಬಂದು ಅವಳ ಕೆನ್ನೆ ಸವರಿ ಮಡಿಲಿಗೆ ಒಂದು ಪೇರಲೆ ಗಾತ್ರದ ಹಣ್ಣು ಹಾಕಿ ಏನೋ ಹೇಳಿದ್ದಳು. ಭಾಷೆ ತಿಳಿಯದಿದ್ದರೂ ಧಾಟಿ ತಿಳಿಯಿತು: ಹೋಗಲಿ ಬಿಡು ಮಗಳೇ. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ಆ ಹಣ್ಣನ್ನು ಅವಳು ತಿಂದದ್ದು ಅಳುತ್ತಾ, ಮೂಗು ಸುರಿಸುತ್ತಾ. ಕ್ಯಾಮೆರಾದವನು ಅದೇ ಹೊತ್ತಿಗೆ ಆ ಕಡೆ ತಿರುಗಿದ್ದರಿಂದ, ಹೊಸದುರ್ಗದಲ್ಲಿ ಮಾವನ ಮೊಬೈಲಿನಲ್ಲಿ ರೇಸಿನ ನೇರಪ್ರಸಾರ ನೋಡುತ್ತಿದ್ದ ಅಜ್ಜಿ ಬರಗೇರಮ್ಮನಿಗೆ ಮೊಮ್ಮಗಳು ಆನಂದಬಾಷ್ಪ ಸುರಿಸುತ್ತಿರುವುದೂ, ಆ ದೇಶದ ಹಿರಿಯಳೊಬ್ಬಳು ಮಡಿಲು ತುಂಬುತ್ತಿರುವುದೂ ಸ್ಪಷ್ಟವಾಗಿ ಕಂಡಿತು.

ಎಲ್ಲ ಶುರುವಾದದ್ದು ಥಾಯ್ಲೆಂಡಿನಿಂದ. ಆ ದೇಶದವರು ಯಾರಿಗೆ ಏನು ಹೇಳುವುದಿದ್ದರೂ ಎರಡೂ ಕೈ ಜೋಡಿಸಿ ತಲೆ ಬಾಗಿಸಿಯೇ ಹೇಳುತ್ತಾರೆ. ಬಿಳಿ ಟೋಪಿಯವನು ವಿಸಿಲ್ ಊದಿ, ಅವಳೆದುರು ಬಂದು ಕೈ ಮುಗಿದ. ತೇಜಸ್ವಿನಿಯೂ ಕೈ ಮುಗಿದಳು. ಒಂದೇ ಕೈಯಲ್ಲಿ, ಇನ್ನೊಂದರಲ್ಲಿ ಹ್ಯಾಂಡಲ್ ಇತ್ತಲ್ಲ. ಮುಗಿದು ಮುಂದಕ್ಕೆ ಹೋದಳು. ಆತ ಹಿಂದಿನಿಂದ ಓಡಿಬಂದು ಇನ್ನೂ ಬಾಗಿ ಇನ್ನೊಮ್ಮೆ ಕೈ ಮುಗಿದ. ಎಂಥ ಮರ್ಯಾದಸ್ಥ ಜನ ಅಂದುಕೊಂಡು ಇವಳು ಇನ್ನೂ ಜೋರಾಗಿ ತುಳಿದಳು. ಮೂರನೆಯ ಸಲ ಅವನು ಕೈ ಮುಗಿಯಲಿಲ್ಲ, ಸೀಟು ಹಿಡಿದು ನಿಲ್ಲಿಸಿದ. ಸೀಟು ಹಿಡಿದದ್ದು ಮೊಬೈಲಿನಲ್ಲಿ ಬರಲಿಲ್ಲ. ಬಂದದ್ದು ಇಷ್ಟು: ಪರದೇಶದ ಅಧಿಕಾರಿಯೊಬ್ಬ ಬರಗೇರಮ್ಮನ ಮೊಮ್ಮಗಳ ಹಿಂದೆ ಓಡಿ ಓಡಿ ಕೈ ಮುಗಿದ; ಅವಳು ಸೈಕಲ್ ಇಳಿದು ಕೂತು ನೀರು ಕುಡಿದಳು; ಉಳಿದವರು ಇನ್ನೂ ತುಳಿಯುತ್ತಲೇ ಇದ್ದರು.

ಆ ಸಂಜೆ ಫೋನಿನಲ್ಲಿ ಅಜ್ಜಿಯ ದನಿ ಇಪ್ಪತ್ತು ವರ್ಷ ಚಿಕ್ಕದಾಗಿತ್ತು. ‘ಆಮ್ಯಾಕೆ ಅವನು ಕೈ ಮುಗುದು ಅಂತಾನೆ, ಸಾಕು ತಾಯಿ, ನೀನು ತುಳಿದಿದ್ದು ಸಾಕು, ಇನ್ನ ಉಳಿದೋರು ಒಂದೀಟು ತುಳೀಲಿ ಬಿಡು ತಾಯಿ ಅಂತಾನೆ...’ ಅಜ್ಜಿ ಕೇಳುತ್ತಿರಲಿಲ್ಲ, ಹೇಳುತ್ತಿದ್ದಳು. ಆಗಲೇ ಕಥೆ ಶುರುವಾಗಿಬಿಟ್ಟಿತ್ತು. ಆ ಮನೆಯಲ್ಲಿ ಅಜ್ಜಿ ಕಥೆ ಹೇಳುವಾಗ ನಡುವೆ ಬಾಯಿ ಹಾಕಬಾರದು. ಹಾಕಿದರೆ ಕಥೆ ಅಲ್ಲಿಗೇ ನಿಲ್ಲುತ್ತದೆ. ಕಥೆ ನಿಂತರೆ ಒಳಗಿದ್ದವರು ಎಲ್ಲಿದ್ದರೋ ಅಲ್ಲೇ ಉಳಿದುಬಿಡುತ್ತಾರೆ. ತೇಜಸ್ವಿನಿ ಚಿಕ್ಕವಳಿದ್ದಾಗ ಒಮ್ಮೆ, ಏಳು ಹೆಡೆಯ ಹಾವಿಗೆ ಹೆದರಿ ಬಾವಿಗೆ ಇಳಿದ ರಾಜಕುಮಾರಿ ಸೀರೆ ಒದ್ದೆಯಾಗದೆ ಹೇಗೆ ಇಳಿದಳು ಎಂದು ಕೇಳಿಬಿಟ್ಟಿದ್ದಳು. ಅಜ್ಜಿ ಬಾಯಿ ಮುಚ್ಚಿ ಮಗ್ಗುಲಾದಳು. ಆಮೇಲೆ ಎಷ್ಟೋ ದಿನ ಹುಡುಗಿ ಊರ ಬಾವಿಯ ನೀರು ಕುಡಿಯಲಿಲ್ಲ, ಒಳಗಿದ್ದವಳ ನೀರು ಕುಡಿದರೆ ಹೇಗೆ ಎಂದು. ಥಾಯ್ಲೆಂಡಿನ ಹೋಟೆಲಿನ ಮಂಚದ ತುದಿಯಲ್ಲಿ ಕೂತು ಅವಳು ಫೋನು ಕಿವಿಗಿಟ್ಟುಕೊಂಡು ಕಥೆ ಮುಗಿಯಲಿ ಎಂದು ಕಾದಳು. ಮುಗಿದ ಮೇಲೆ ಹೇಳೋಣ. ಅಜ್ಜಿಯ ಕಥೆ ಮುಗಿಯುವ ಹೊತ್ತಿಗೆ ಮಾವನ ಮೊಬೈಲಿನ ಚಾರ್ಜು ಮುಗಿಯಿತು. ಮರುದಿನದ ಹೊತ್ತಿಗೆ ಅದು ಜವನಗೊಂಡನಹಳ್ಳಿಯ ಕಥೆಯಾಗಿತ್ತು, ಭದ್ರಾ ಬಯಲಿನಲ್ಲಿ ಕುರಿ ಮೇಯಿಸುತ್ತಿದ್ದ ಅಪ್ಪ ಅವ್ವನ ಕಥೆಯಾಗಿತ್ತು. ಕಝಕಸ್ತಾನದ ಹೊತ್ತಿಗೆ ಬಿಳಿ ಟೋಪಿಯವನಿಗೆ ಒಂದು ಮೀಸೆ ಬಂದಿತ್ತು, ಒಂದು ಹೆಸರೂ. ತಾನು ಸುಳ್ಳು ಹೇಳಿಲ್ಲ ಎಂದು ತೇಜಸ್ವಿನಿ ತನಗೆ ತಾನೇ ಎಷ್ಟು ಸಲ ಹೇಳಿಕೊಂಡಿದ್ದಳೆಂದರೆ, ಆ ಮಾತೂ ಈಗ ಅಜ್ಜಿಯ ಕಥೆಯ ಸಾಲಿನಂತೆಯೇ ಕೇಳಿಸುತ್ತಿತ್ತು.

ಹೊಸದುರ್ಗದಲ್ಲಿ ಕಾಯಿ ಮಂಡಿಯ ಹಿಂದಿನ ಬಯಲಿಗೆ ಶಾಮಿಯಾನ ಹಾಕಿತ್ತು. ಕೊಬ್ಬರಿ ವ್ಯಾಪಾರದ ಮೂರ್ತಪ್ಪ ಮಾವ ಬಿಳಿ ಪ್ಯಾಂಟು, ಬಿಳಿ ಅಂಗಿ, ಬಿಳಿ ಟೋಪಿ ಹಾಕಿ ಕೊರಳಿಗೆ ವಿಸಿಲ್ ನೇತುಹಾಕಿಕೊಂಡು ನಿಂತಿದ್ದ. ಅದನ್ನು ಕಂಡದ್ದೇ ತೇಜಸ್ವಿನಿಯ ಕಾಲುಗಳು ತಾವಾಗಿ ಪೆಡಲ್ ತುಳಿಯುವುದನ್ನು ನಿಲ್ಲಿಸಿದವು. ಅಷ್ಟರಲ್ಲಿ ಕೊರಳಿಗೆ ಹಾರ ಬಿತ್ತು. ವೇದಿಕೆಯ ಮೇಲೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅಜ್ಜಿ, ಹಸಿರು ಸೀರೆ, ಕಾಲು ಮೇಲೆತ್ತಿ ಚಕ್ಕಳಮಕ್ಕಳ ಹಾಕಿ ಕೂತಿದ್ದಳು.

‘ಬಾರೇ ತೇಜವ್ವ,’ ಎಂದು ಪಕ್ಕದಲ್ಲಿ ಕೂರಿಸಿಕೊಂಡಳು. ಕೈಯಿಂದ ಮೊಣಕಾಲು ಒತ್ತಿ ನೋಡಿ, ‘ಕಾಲು ಕಲ್ಲಾಗ್ಯವೆ. ಆ ಟೋಪಿಯೋರು ಸುಮ್ನೆ ಕೈ ಮುಗೀತಾರಾ ಮತ್ತೆ,’ ಅಂದಳು.

ಮಾವ ಮೈಕು ಹಿಡಿದ. ‘ಬಂಧುಗಳೇ, ಬರೀ ಹಾರ ಹಾಕಿ ಕಳ್ಸಿದ್ರೆ ಏನು ಬಂತು? ನಮ್ಮ ಮಕ್ಕಳಿಗೂ ಆ ಪರದೇಶದ ರೇಸು ಹೆಂಗಿರ್ತೈತೆ ಅಂತ ಗೊತ್ತಾಗ್ಬೇಕು. ಅದಕ್ಕೆ ಈಗ ಅದೇ ರೂಲ್ಸಿನ ಪ್ರಕಾರ ಒಂದು ರೇಸು! ಯಾರಿಗೆ ಮೊದಲು ವಿಸಿಲ್ ಬೀಳ್ತೈತೋ ಅವರೇ ಫಸ್ಟು! ಬಹುಮಾನ ಮಿಕ್ಸಿ!’

ತೇಜಸ್ವಿನಿಗೆ ನಗು ಬಂತು. ಅದನ್ನು ತಡೆಯಲು ಹಾರದ ಚೆಂಡುಹೂವನ್ನು ಹಿಡಿದುಕೊಂಡಳು. ಬಯಲಿನಲ್ಲಿ ಕಾಯಿಮಟ್ಟೆಗಳನ್ನು ಸಾಲಾಗಿ ಜೋಡಿಸಿ ಒಂದು ದಾರಿ ಮಾಡಿದ್ದರು. ಅದು ಮಟ್ಟೆಯ ರಾಶಿಗಳನ್ನು ಬಳಸಿ, ಒಂದು ಗುಂಡಿಗೆ ಇಳಿದು, ಏರಿ, ವೇದಿಕೆಯ ಮುಂದೆ ಹಾದುಹೋಗುತ್ತಿತ್ತು. ದಾರಿ ಚೆನ್ನಾಗಿತ್ತು, ಅದೇ ಬೇಸರ. ಗೇರ್ ಸೈಕಲ್ಲಿನ ಕಾಲೇಜು ಹುಡುಗರು, ಅಂಗಡಿ ಹುಡುಗರು ಸಾಲಾಗಿ ನಿಂತಿದ್ದರು. ಅವರ ಪಕ್ಕದಲ್ಲಿ ಡೈರಿಗೆ ಹಾಲು ಹಾಕುವ ರೇಣುಕಮ್ಮ. ಸೀರೆಯ ಮೇಲೆ ಗಂಡನ ಅಂಗಿ, ಕ್ಯಾರಿಯರಿನಲ್ಲಿ ಖಾಲಿ ಕ್ಯಾನು. ‘ಕ್ಯಾನು ಬಿಚ್ಚಿಡಮ್ಮೋ,’ ಎಂದು ಯಾರೋ ಕೂಗಿದರು. ‘ಯಾಕೆ, ನೀನು ಕಾಯ್ಕಂಡಿರ್ತೀಯ? ಹೋದ ಸಲ ಹಿಂಗೇ ಬಿಚ್ಚಿಟ್ಟು ಕ್ಯಾನು ಹೋತು,’ ಅಂದಳು ರೇಣುಕಮ್ಮ.

ಮಾವ ವಿಸಿಲ್ ಊದದೆ ಬಾಯಲ್ಲೇ ‘ಹೊರಡ್ರೋ’ ಅಂದ. ಎಲ್ಲರೂ ಹೊರಟರು, ಧೂಳೆದ್ದಿತು. ರೇಣುಕಮ್ಮನ ಕ್ಯಾನು ಗಡಗಡ ಎನ್ನುತ್ತ ಮುಂದೆ ಹೋಯಿತು. ಓಬಳೇಶ್ ಎಂಬ ಕಾಲೇಜು ಹುಡುಗನ ಚೈನು ಗುಂಡಿಯ ಹತ್ತಿರವೇ ಕಳಚಿತು. ಅವನು ಇಳಿದು, ಬಗ್ಗಿ, ಕೈ ಕಪ್ಪು ಮಾಡಿಕೊಂಡು ಒಬ್ಬನೇ ಉಳಿದ. ಯಾರಿಗೆ ವಿಸಿಲ್ ಊದಬೇಕೆಂದು ಮಾವ ಅಲ್ಲಿಯವರೆಗೂ ಯೋಚಿಸಿದ್ದಂತೆ ಕಾಣಲಿಲ್ಲ. ಅವನು ಕಣ್ಣು ಕಿರಿದು ಮಾಡಿ ನೆನಪಿಸಿಕೊಂಡ: ಮೊಬೈಲಿನಲ್ಲಿ ತೇಜಸ್ವಿನಿ ಸುತ್ತಮುತ್ತ ಯಾರೂ ಇಲ್ಲದೆ ಒಬ್ಬಳೇ ಬರುತ್ತಿದ್ದಳು. ಮಾವ ಓಡಿ ಹೋಗಿ ಓಬಳೇಶನ ಎದುರು ನಿಂತು ವಿಸಿಲ್ ಊದಿ ಕೈ ಮುಗಿದ. ‘ಫಸ್ಟ್ ಪ್ಲೇಸ್!’

ಓಬಳೇಶ್ ಚೈನು ಹಿಡಿದುಕೊಂಡೇ ಬಾಯಿ ಬಿಟ್ಟ. ಸುತ್ತು ಮುಗಿಸಿ ಬಂದ ಹುಡುಗರು ಇದನ್ನು ನೋಡಿದರು. ಯುವಕರ ತಲೆ ಚುರುಕು. ಎರಡನೆಯ ಬಹುಮಾನ ಕುಕ್ಕರ್ ಆಗಿತ್ತು. ಒಬ್ಬ ಬ್ರೇಕು ಹಿಡಿದ, ಅವನ ಹಿಂದಿನವನು ಇನ್ನೂ ಗಟ್ಟಿಯಾಗಿ ಹಿಡಿದ. ಕ್ಷಣದಲ್ಲಿ ಆ ಬಯಲಿನ ರೇಸೆಲ್ಲ ಗಾಳಿ ಬಿಟ್ಟ ಟ್ಯೂಬಿನ ಹಾಗೆ ನಿಧಾನವಾಯಿತು. ಸೈಕಲ್ಲುಗಳು ನಿಂತಲ್ಲೇ ಓಲಾಡತೊಡಗಿದವು. ‘ಲೇ, ನೀನು ಮುಂದೆ ಹೋಗಲೇ,’ ‘ನಾನ್ಯಾಕೆ ಹೋಗ್ಲಿ, ನೀನು ಹೋಗು, ನಿಮ್ಮಪ್ಪಂಗೆ ಹೇಳ್ತೀನಿ ನೋಡು.’ ಒಬ್ಬ ಬೇಕೆಂದೇ ಮಟ್ಟೆಯ ರಾಶಿಗೆ ಬಿದ್ದು, ಒಬ್ಬನೇ ಇದ್ದೇನೆಂದು ಮಾವನಿಗೆ ಕೈ ಬೀಸಿದ. ಇನ್ನೊಬ್ಬ ಸೈಕಲ್ ಹೊತ್ತುಕೊಂಡು ಹಿಂದಕ್ಕೆ ನಡೆದ. ಇವರೆಲ್ಲರ ನಡುವೆ ರೇಣುಕಮ್ಮ ಮಾತ್ರ ‘ಸರೀರಿ, ಸರ್ಕಳ್ರಿ, ದಾರೀಗೆ ಅಡ್ಡ ನಿಂತವೆ ನೋಡು ಎಮ್ಮೆಗಳಂಗೆ’ ಎಂದು ಕೂಗುತ್ತ, ಕ್ಯಾನು ಗಡಗಡಿಸುತ್ತ, ಸುತ್ತಿನ ಮೇಲೆ ಸುತ್ತು ಹಾಕುತ್ತಿದ್ದಳು. ಜನ ನಕ್ಕು ನಕ್ಕು ಕುರ್ಚಿಯಿಂದ ಬೀಳುತ್ತಿದ್ದರು. ತೇಜಸ್ವಿನಿಗೆ ನಗಲು ಆಗಲಿಲ್ಲ. ಅಲ್ಲಿ ಓಲಾಡುತ್ತಿದ್ದ ಪ್ರತಿ ಹುಡುಗನಲ್ಲೂ ಅವಳು ತನ್ನನ್ನೇ ಕಂಡಳು. ಹಿಂದೆ ಬೀಳುವುದನ್ನು ಇಷ್ಟು ಶ್ರದ್ಧೆಯಿಂದ ಮಾಡುವವರನ್ನು ಅವಳು ಮೊದಲ ಬಾರಿಗೆ ಹೊರಗಿನಿಂದ ನೋಡುತ್ತಿದ್ದಳು. ರೇಣುಕಮ್ಮ ವೇದಿಕೆಯ ಮುಂದೆ ಹಾದುಹೋದಾಗಲೆಲ್ಲ ಅವಳ ಕಾಲು ಕುರ್ಚಿಯ ಕೆಳಗೆ ತಾನೂ ಸಣ್ಣಗೆ ತುಳಿಯುತ್ತಿತ್ತು.

ಹೇಳಿದಷ್ಟು ಸುತ್ತು ಮುಗಿಸಿ ರೇಣುಕಮ್ಮ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಸೆರಗಿನಿಂದ ಮುಖ ಒರೆಸಿ, ನೇರ ವೇದಿಕೆಗೆ ಬಂದಳು. ‘ಎಲ್ಲೈತೆ ಮಿಕ್ಸಿ?’

‘ಅಮ್ಮ, ನೀನು ಲಾಸ್ಟು,’ ಅಂದ ಮಾವ.

‘ಯಾವನ್ ಹೇಳ್ದೋನು? ಎಲ್ಲ ಸುತ್ತೂ ಹಾಕಿದೋಳು ನಾನೊಬ್ಬಳೇ.’

‘ಅದೇನಮ್ಮ ಮತ್ತೆ. ಯಾರೂ ನಿಂಗೆ ವಿಸಿಲ್ ಊದಲಿಲ್ಲ. ಕಡೇ ತಂಕ ತುಳಿಯಾಕೆ ಬಿಟ್ರು. ಅಂದ್ರೆ ಏನರ್ಥ?’

‘ನಿಮ್ಮ ತಲೆ ಕೆಟ್ಟೈತೆ ಅಂತ ಅರ್ಥ. ಅಲ್ರೀ ಮೂರ್ತಪ್ಪೋರೇ, ಚೈನು ಬಿಚ್ಕಂಡು ಕುಂತೋನು ಫಸ್ಟು, ಮಟ್ಟೆ ಮ್ಯಾಲೆ ಮಲಗಿದೋನು ಸೆಕೆಂಡು, ತುಳಿದೋಳು ಲಾಸ್ಟಾ? ಹಂಗಾರೆ ಮನ್ಯಾಗೇ ಮಲಗಿದೋರಿಗೆ ಏನ್ ಕೊಡ್ತೀರ, ಫ್ರಿಜ್ಜಾ?’

ಓಬಳೇಶ್ ಮಿಕ್ಸಿಯ ಪೆಟ್ಟಿಗೆಯನ್ನು ಎದೆಗೆ ಅವಚಿಕೊಂಡ. ‘ರೂಲ್ಸು ಅಂದ್ರೆ ರೂಲ್ಸು, ಅಕ್ಕ.’

ರೇಣುಕಮ್ಮ ತೇಜಸ್ವಿನಿಯ ಕಡೆ ತಿರುಗಿದಳು. ಬೆವರಿನಲ್ಲಿ ಕುಂಕುಮ ಮೂಗಿನ ತನಕ ಇಳಿದಿತ್ತು. ‘ನೀನು ಹೇಳವ್ವ. ಮೂರು ದೇಶ ನೋಡಿದೋಳು. ಅಲ್ಲಿ ಹೆಂಗೆ?’

ಮೈಕಿನವನು ಸಂಭ್ರಮದಿಂದ ಮೈಕು ತಂದು ಬಾಯಿಗೆ ಹಿಡಿದ. ಮಾವ ಟೋಪಿ ಸರಿಮಾಡಿಕೊಂಡು ನಗುತ್ತಿದ್ದ, ಈಗ ಇತ್ಯರ್ಥವಾಗುತ್ತದೆ ಎನ್ನುವ ನಗು. ಪಕ್ಕದಲ್ಲಿ ಅಜ್ಜಿಯ ಎಲೆಯಡಿಕೆ ಜಗಿಯುವ ಸದ್ದು. ಹೇಳಿದರೆ ಕಥೆ ಇಲ್ಲಿಗೆ ನಿಲ್ಲುತ್ತದೆ ಎಂದು ತೇಜಸ್ವಿನಿಗೆ ಅನ್ನಿಸಿತು. ಮೀಸೆ ಬಂದ ಬಿಳಿ ಟೋಪಿಯವನು ಕೈ ಮುಗಿದುಕೊಂಡೇ ಯಾವುದೋ ಕಾಡಿನಲ್ಲಿ ಉಳಿದುಬಿಡುತ್ತಾನೆ, ಟರ್ಕಿಯ ಮುದುಕಿ ಹಣ್ಣು ಹಿಡಿದ ಕೈಯನ್ನು ಇಳಿಸಲಾಗದೆ ನಿಂತಿರುತ್ತಾಳೆ. ಹೇಳದಿದ್ದರೆ ಓಬಳೇಶನ ಮನೆಯಲ್ಲಿ ಚಟ್ನಿ ರುಬ್ಬುತ್ತಾರೆ, ಅಷ್ಟೇ. ಲೋಕಕ್ಕೆ ಏನೂ ಆಗುವುದಿಲ್ಲ. ಆದರೆ ರೇಣುಕಮ್ಮನ ಉಸಿರು ಇನ್ನೂ ಹತ್ತಿಳಿಯುತ್ತಿತ್ತು. ಆ ಉಸಿರು ತೇಜಸ್ವಿನಿಗೆ ಗೊತ್ತಿತ್ತು. ಈ ವರ್ಷ ಎಲ್ಲೂ ತನ್ನ ಉಸಿರಿಗೆ ಅಷ್ಟು ದೂರ ಹೋಗಲು ಯಾರೂ ಬಿಟ್ಟಿರಲಿಲ್ಲ. ಅವಳಿಗೆ ನಾಚಿಕೆಗಿಂತ ಹೆಚ್ಚಾಗಿ ಹೊಟ್ಟೆಕಿಚ್ಚಾಯಿತು.

‘ಗೆದ್ದಿದ್ದು ಈ ಅಕ್ಕ,’ ಅಂದಳು. ಮೈಕಿನಲ್ಲಿ ಅದು ಮಂಡಿಯ ಗೋಡೆಗೆ ಬಡಿದು ಇನ್ನೊಮ್ಮೆ ಕೇಳಿಸಿತು. ‘ಹಿಂದೆ ಬಿದ್ದೋರನ್ನ ವಿಸಿಲ್ ಹೊಡೆದು ಆಚೆ ಕಳಿಸ್ತಾರೆ. ಮೊದಲು ಆಚೆ ಬಂದೋರು ಸೋತೋರು.’

‘ತಡಿಯೇ,’ ಅಂದ ಮಾವ. ನಗು ಇನ್ನೂ ಮುಖದ ಮೇಲೇ ಇತ್ತು, ಇಳಿಸುವುದನ್ನು ಮರೆತಿದ್ದ. ‘ಹಂಗಾರೆ ನೀನು?’

‘ಸೋತೆ ಮಾವ. ಮೂರೂ ಕಡೆ. ಎಲ್ಲರಿಗಿಂತ ಕಡೆಗೆ.’

ಓಬಳೇಶ್ ಸದ್ದಿಲ್ಲದೆ ಮಿಕ್ಸಿಯನ್ನು ನೆಲಕ್ಕಿಟ್ಟು ಎರಡು ಹೆಜ್ಜೆ ಹಿಂದೆ ಸರಿದ. ರೇಣುಕಮ್ಮ ಅದನ್ನು ಎತ್ತಿಕೊಳ್ಳದೆ, ‘ಅಯ್ಯೋ, ನಾನು ಮಿಕ್ಸಿ ಕೇಳಿದ್ದಷ್ಟೇ ಕಣವ್ವ,’ ಅಂದಳು ಮೆಲ್ಲಗೆ. ದೂರದಲ್ಲಿ ಜಮೀರ್ ಮೊಪೆಡ್ಡಿನ ಮೇಲೆ ಕೂತು, ಯಾರು ಕೇಳಿದರೋ ಏನೋ, ‘ಗಾಳೀದು ತಪ್ಪು’ ಎಂದು ಪಕ್ಕದವನಿಗೆ ವಿವರಿಸುತ್ತಿದ್ದ. ತೇಜಸ್ವಿನಿ ಅಜ್ಜಿಯ ಕಡೆ ನೋಡಲಿಲ್ಲ. ಜಗಿಯುವ ಸದ್ದು ನಿಂತಿದ್ದು ಕೇಳಿಸಿತು.

‘ಅಂದ್ರೆ,’ ಅಂದಳು ಅಜ್ಜಿ, ‘ನೀನು ತುಳೀತಾ ಇರೋವಾಗ್ಲೇ ಅವನು ನಿನ್ನ ಎಬ್ಬಿಸಿದ್ನಾ?’

‘ಹ್ಞೂಂ.’

‘ಮುಗ್ಸಾಕೆ ಬಿಡದೆ?’

‘ಹ್ಞೂಂ ಅಜ್ಜಿ.’

ಅಜ್ಜಿ ಕುರ್ಚಿಯಿಂದ ಕಾಲು ಕೆಳಗಿಳಿಸಿದಳು. ‘ಮೂರ್ತ! ಫೋನು ಹಚ್ಚೋ ಆ ಟೋಪಿಯವ್ನಿಗೆ. ಕರ್ದು ಪಂಕ್ತೀಲಿ ಕೂರ್ಸಿ, ಅನ್ನ ಕಲಸಿರೋವಾಗ ಎಲೆ ಎತ್ತಿದ್ನಂತೆ. ಯಾವ ಊರಿನ ಮರ್ಯಾದೆ ಅದು? ಅಷ್ಟು ದೂರದಿಂದ ಹೋದ ಹೆಣ್ಣು, ಹಿಂದೆ ಬಿದ್ರೆ ಬೀಳ್ಲಿ, ಕತ್ತಲಾದ್ರೆ ಆಗ್ಲಿ, ಮುಗ್ಸಿ ಹೋಗು ತಾಯಿ ಅನ್ಬೇಕೋ ಬ್ಯಾಡ್ವೋ?’

‘ಅವ್ವ, ಅವರು ಥಾಯ್ಲೆಂಡಿನೋರು, ಫೋನು ಹಚ್ಚಾಕಾಗಲ್ಲ.’

‘ಕೈ ಮುಗುದನಂತೆ ಬ್ಯಾರೆ, ಕಳ್ಳ.’ ಅಜ್ಜಿ ಬಯಲಿನ ಕಡೆ ನೋಡಿದಳು, ಮಟ್ಟೆಯ ದಾರಿಯನ್ನು ಕಣ್ಣಿನಿಂದಲೇ ಒಂದು ಸುತ್ತು ಹಾಕಿದಳು. ‘ಎಷ್ಟು ಸುತ್ತು ಬಾಕಿ ಉಳಿಸಿದ್ನೇ?’

‘ಮೂರೂ ಕಡೇದು ಸೇರಿದ್ರೆ ಬಾಳ ಆಗ್ತವೆ ಅಜ್ಜಿ.’

‘ಆಗ್ಲಿ. ಇಲ್ಲೇ ಮುಗ್ಸು. ನಾನು ಕುಂತಿರ್ತೀನಿ, ಯಾವನು ಎಬ್ಬಿಸ್ತಾನೋ ನೋಡ್ತೀನಿ.’

ಇದು ಸಮಾಧಾನವೋ ಶಿಕ್ಷೆಯೋ ತಿಳಿಯದೆ ತೇಜಸ್ವಿನಿ ಹಾರ ತೆಗೆದು ಕುರ್ಚಿಗೆ ಹಾಕಿ, ಸೈಕಲ್ ಏರಿದಳು. ಮೊದಲ ಸುತ್ತಿನಲ್ಲಿ ಇಡೀ ಬಯಲು ಅವಳನ್ನೇ ನೋಡುತ್ತಿತ್ತು. ಬೆನ್ನಿನ ಮೇಲೆ ಆ ಕಣ್ಣುಗಳು ಉಣ್ಣೆ ಕಂಬಳಿಯ ಹಾಗೆ ಚುಚ್ಚಿದವು. ಗುಂಡಿಗೆ ಇಳಿದು ಹತ್ತುವಾಗ ಮಾವ ಮೈಕನ್ನು ಎರಡು ಸಲ ತಟ್ಟಿದ್ದು ಕೇಳಿಸಿತು. ವ್ಯಾಪಾರದಲ್ಲಿ ಸರಕು ಬೇರೆ ಬಂದರೆ ಬೇರೆ ದರ ಕೂಗುವುದು ಅವನಿಗೆ ಹೊಸದಲ್ಲ. ‘ಬಂಧುಗಳೇ! ಒಂದಲ್ಲ, ಎರಡಲ್ಲ, ಮೂರು ದೇಶದಾಗೆ ಕಡೇ ಸ್ಥಾನ ಪಡೆದ ನಮ್ಮ ಜಿಲ್ಲೆಯ ಮೊಟ್ಟಮೊದಲ ಹೆಣ್ಣುಮಗಳು! ನಿಮ್ಮಲ್ಲಿ ಯಾರಾದ್ರೂ ಹೋಗಿ ಸೋತು ಬಂದಿದೀರಾ? ಹೊಸದುರ್ಗದ ಬಸ್‌ಸ್ಟ್ಯಾಂಡ್ ದಾಟಿದೀರಾ?’ ಒಂದಿಷ್ಟು ಚಪ್ಪಾಳೆ ಬಿತ್ತು. ಅದರಲ್ಲಿ ಎಷ್ಟು ಕುಹಕ, ಎಷ್ಟು ನಿಜ ಎಂದು ಬೇರೆ ಮಾಡುವಷ್ಟು ಹೊತ್ತು ಅವಳಿಗಿರಲಿಲ್ಲ, ತಿರುವು ಬಂದಿತ್ತು.

ವೇದಿಕೆಯ ಮುಂದೆ ಬಂದಾಗ ಅಜ್ಜಿ ಕೇಳಿದಳು, ‘ನಂಗ್ಯಾಕೆ ಹೇಳ್ಲಿಲ್ಲ?’

ಉತ್ತರ ಹೊಳೆಯುವಷ್ಟರಲ್ಲಿ ಸೈಕಲ್ ಮುಂದೆ ಹೋಗಿತ್ತು. ಒಂದು ಸುತ್ತು ಪೂರಾ ಅವಳು ಆ ಉತ್ತರವನ್ನು ಹೊತ್ತುಕೊಂಡು ತುಳಿದಳು. ಮಟ್ಟೆ, ಗುಂಡಿ, ಏರು. ‘ನೀನು ಕಥೆ ಹೇಳ್ತಿದ್ದೆ ಅಜ್ಜಿ!’

ಅಜ್ಜಿಯ ಮಾತು ಮುಂದಿನ ಸುತ್ತಿಗೆ ತಯಾರಾಗಿತ್ತು. ‘ಗೆದ್ದೋಳ ಕಥೆ ಒಂದು ಎಲೆಡಿಕೆ ಜಗಿಯಾದ್ರಾಗೆ ಮುಗುದು ಹೋಗ್ತೈತೆ ಕಣೇ! ಅದನ್ನ ಉದ್ದ ಮಾಡಾಕೆ ಆ ಟೋಪಿಯವ್ನಿಗೆ ಮೀಸೆ ಹಚ್ಚಿ, ಹೆಸ್ರು ಇಟ್ಟು, ನಾನೆಷ್ಟು ಒದ್ದಾಡಿದೀನಿ!’ ಅದರ ಮುಂದಿನ ಸುತ್ತಿಗೆ: ‘ಸೋತೆ ಅಂದಿದ್ರೆ ವರ್ಷಗಟ್ಲೆ ಹೇಳ್ತಿದ್ದೆ!’

ಜನ ಕರಗತೊಡಗಿದರು. ಶಾಮಿಯಾನದವನು ಕಂಬದ ಹಗ್ಗ ಬಿಚ್ಚುವುದೋ ಬೇಡವೋ ಎಂದು ನಿಂತಿದ್ದ. ಮೈಕಿನವನು ವೈರು ಸುತ್ತುತ್ತಿದ್ದ. ರೇಣುಕಮ್ಮ ಕ್ಯಾನು ಬಿಚ್ಚಿ ಹ್ಯಾಂಡಲಿಗೆ ನೇತುಹಾಕಿ, ಆ ಜಾಗದಲ್ಲಿ ಮಿಕ್ಸಿ ಕಟ್ಟಿಕೊಂಡು, ಡೈರಿಗೆ ಹೊತ್ತಾಯಿತೆಂದು ಕೈ ಬೀಸಿ ಹೋದಳು. ಒಮ್ಮೆ ಮಾವ, ತಾಯಿಗೆ ಹಸಿವಾಗಿರುತ್ತದೆಂದು, ಸುಮ್ಮನೆ ಸಾಕು ಮಾಡಿಸೋಣವೆಂದು ವಿಸಿಲ್ಲನ್ನು ಬಾಯಿಗೆ ತಂದ. ಅಜ್ಜಿ ಕೂತಲ್ಲಿಂದಲೇ ನೋಡಿದಳು. ಮಾವ ಅದನ್ನು ಅಂಗಿಯೊಳಗೆ ಇಳಿಬಿಟ್ಟು, ಟೋಪಿಯನ್ನೂ ತೆಗೆದು ಕಂಕುಳಲ್ಲಿಟ್ಟುಕೊಂಡ. ತೇಜಸ್ವಿನಿಗೆ ಉಸಿರು ಎದೆ ದಾಟಿ, ಪಕ್ಕೆ ದಾಟಿ, ಈ ವರ್ಷ ಒಮ್ಮೆಯೂ ತಲುಪದಿದ್ದ ಯಾವುದೋ ಜಾಗಕ್ಕೆ ಇಳಿಯಿತು. ಅಲ್ಲಿ ನೋವಿತ್ತು, ತೊಡೆಗಳು ಅದುರುತ್ತಿದ್ದವು, ಬಾಯಿಯೆಲ್ಲ ಮಟ್ಟೆಯ ಧೂಳು. ಯಾರೂ ಕರೆಯುತ್ತಿರಲಿಲ್ಲ. ಕರೆಯುವವರಿಲ್ಲದೆ ಹೋದರೆ ಸುತ್ತು ಇಷ್ಟು ಉದ್ದವಿರುತ್ತದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ.

‘ಇನ್ನೊಂದು ದೇಶ ಐತಂತಲ್ಲ,’ ಎಂದು ಕೂಗಿದಳು ಅಜ್ಜಿ. ‘ಯಾವಾಗ ಹೋಗ್ತೀಯ?’

ಮಟ್ಟೆಯ ರಾಶಿ ಬಂತು, ಹೋಯಿತು. ಗುಂಡಿಯೊಳಗೆ ಆಗಲೇ ಸಂಜೆಯಾಗಿತ್ತು, ಮೇಲೆ ಇನ್ನೂ ಬಿಸಿಲಿತ್ತು. ಏರಿನಲ್ಲಿ ನಿಂತು ತುಳಿಯುತ್ತ ಅವಳು ಜಮೀರನ ಕಡೆ ತಿರುಗಿದಳು. ‘ಜಮೀರಣ್ಣಾ, ನಾಳೆ ಸೈಕಲ್ ಬಿಚ್ಚಿ ಪ್ಯಾಕ್ ಮಾಡ್ಬೇಕು!’

‘ಗಾಳಿ ಎಷ್ಟಿಡಾಣ?’

‘ಗಾಳಿ ವಿಷ್ಯ ಎತ್ತಿದ್ರೆ ನೋಡು!’

ವೇದಿಕೆ ಹತ್ತಿರವಾಯಿತು. ‘ಬರೋ ವಾರ ಅಜ್ಜಿ,’ ಅಂದಳು, ಅನ್ನುತ್ತಲೇ ದಾಟಿಹೋದಳು. ಹಿಂದಿನಿಂದ ಅಜ್ಜಿ ಏನೋ ಹೇಳಿದಳು, ಉದ್ದದ್ದು. ಚೈನಿನ ಸದ್ದಿನಲ್ಲಿ ಒಂದು ಪದವೂ ತಿಳಿಯಲಿಲ್ಲ. ಬಾಕಿ ಸುತ್ತುಗಳು ಮುಗಿದಿದ್ದವೋ ಇನ್ನೂ ಉಳಿದಿದ್ದವೋ, ಲೆಕ್ಕ ಯಾವಾಗಲೋ ತಪ್ಪಿತ್ತು. ಏನೆಂದಳೆಂದು ಕೇಳಲು ಇನ್ನೊಂದು ಸುತ್ತು ಬರಲೇಬೇಕಿತ್ತು; ತೇಜಸ್ವಿನಿ ಗೇರು ಬದಲಿಸಿ, ತಲೆ ತಗ್ಗಿಸಿ, ತುಳಿದಳು.